ಚಕ್ರದಡಿಯ ನಿಂಬೆಹಣ್ಣು

ಹೊಸ ಕಾರಿನ ನಾಲ್ಕು ಚಕ್ರಗಳಡಿ ಪೂಜಾರಿ ನಿಂಬೆಹಣ್ಣು ಇಟ್ಟರು. ಕಾರು ಹತ್ತಿಸಿ ಅವನ್ನು ಒಡೆಯಲು ಅಪ್ಪ ತನ್ನನ್ನೇ ಕರೆದಾಗ ಸಿಂಚನಾ ಎರಡು ಹೆಜ್ಜೆ ಹಿಂದೆ ಸರಿದಳು.

"ಕಾರ್ನ ಯಾರ್ ಹೆಸ್ರಿಗೆ ಮಾಡ್ಸಿದ್ದೀಯಪ್ಪಾ?"

"ನಿನ್ ಹೆಸ್ರಿಗೇ ಕಣಮ್ಮ. ಹುಟ್ಟಿದ ಹಬ್ಬಕ್ಕೆ!"

ಬಾಡಿಗೆಗೆ ಹತ್ತಿದವರನ್ನು ಕಾರುಗಳು ಸುಮ್ಮನೆ ಇಳಿಸುತ್ತಿದ್ದವು. ಮಾಲೀಕರನ್ನು ಮಾತ್ರ ಇಳಿಯಲು ಬಿಡುತ್ತಿರಲಿಲ್ಲ. ಅವಳ ವಯಸ್ಸಿನವರೆಲ್ಲ ಬಸ್ಸಿಗೆ ಕಾಯುತ್ತಿದ್ದುದು ಅದಕ್ಕೇ. ಎದುರುಮನೆಯ ನಿಶ್ಚಲನಿಗೆ ಅವನ ತಾಯಿ ಇವತ್ತಿಗೂ ರಿಂಗ್ ರೋಡಿನ ಸಿಗ್ನಲ್ಲಿನಲ್ಲಿ ಕಾದು ನಿಂತು, ಕಿಟಕಿಯ ಸಂದಿಯಿಂದ ಚಪಾತಿ ತೂರಿಸುತ್ತಾರೆ.

"ನಿಶ್ಚಲಂದು ಹಳೇ ಮಾಡೆಲ್ಲು," ಎಂದ ಅಪ್ಪ. "ಇದು ಹಂಗೆಲ್ಲ ಮಾಡಲ್ವಂತೆ, ಶೋರೂಮ್‌ನೋರೇ ಹೇಳಿದ್ರು."

"ನಾನ್ ಹತ್ತಲ್ಲ." ಅವಳು ದೇವಸ್ಥಾನದ ಮೆಟ್ಟಿಲ ಮೇಲೆ ಕೂತು ಕಂಬ ತಬ್ಬಿಕೊಂಡಳು.

"ಹಂಗಾದ್ರೆ ನಾನೇ ಒಡೀತೀನಿ ಬಿಡು," ಎಂದು ಅಪ್ಪ ಸಿಡುಕಿ ಜೇಬಿನಿಂದ ಕೀ ತೆಗೆಯುವಷ್ಟರಲ್ಲಿ ನಾಲ್ಕೂ ಹಣ್ಣುಗಳು ಪಚಕ್ಕನೆ ಒಡೆದವು. ಕಾರಿನೊಳಗೆ ಯಾರೂ ಇರಲಿಲ್ಲ. ಅದು ನಿಧಾನವಾಗಿ ಮೆಟ್ಟಿಲವರೆಗೆ ಬಂದು, ಸಿಂಚನಾಳ ಮೊಣಕಾಲಿಗೆ ತಾಗಿ ನಿಂತು, ಬಾಗಿಲು ತೆರೆಯಿತು. ಪೂಜಾರಿ ತಟ್ಟೆ ಎತ್ತಿಕೊಂಡು ಗರ್ಭಗುಡಿಯತ್ತ ಸರಿದರು. ಕಾರು ಇನ್ನೊಂದು ಚೂರು ಮುಂದೆ ಒತ್ತಿತು.

ಅಪ್ಪ ಕೀಯನ್ನು ಮತ್ತೆ ಜೇಬಿಗೆ ಹಾಕಿಕೊಂಡ.

"ಊಟ ತಗೊಂಡು," ಎಂದ, ತಡವರಿಸುತ್ತಾ, "ಯಾವ್ ಸಿಗ್ನಲ್ ಹತ್ರ ಬರ್ಲಮ್ಮಾ?"