ನಾಳೆಯಿಂದ ಕರ್ಕೊಂಡು ಬರಬ್ಯಾಡ

ಸೌದೆ ತುಂಡು ಗಂಗಾಮಣಿಯ ಬೆನ್ನಿಗೆ ಬಡಿದ ಸದ್ದು ಜೀಪು ತಿರುಗಿಸುತ್ತಿದ್ದ ಗಂಡ ಗುರುವಿಗೂ ಕೇಳಿಸಿತು.

“ನೆನ್ನೆ ನಿನ್ ಮಗಳು ನನ್ ಮೊಮ್ಮಗಳ ತಲೆ ಒಡೆದವ್ಳೆ ಕಣೇ! ನಾಳೆಯಿಂದ ಇವಳನ್ನ ಕರ್ಕೊಂಡು ಬರಬ್ಯಾಡ!” ಪಾರ್ವತಮ್ಮ ಮತ್ತೆ ಕೈಯೆತ್ತಿದಳು. ಈ ಸಲ ಗಂಗಾಮಣಿಯ ತುಟಿ ಒಡೆಯಿತು. ಮೂರು ವರ್ಷದ ಮೋನಿಕಾ ಕಿರುಚಿಕೊಂಡಳು.

ಗುರು ಅವಸರಪಡದೆ ಇಳಿದ. ಹೆಂಡತಿಗೆ ಹೊಡೆಯುವುದು ಅವನಿಗೆ ದಿನದ ಮಾತು. ಬೇರೆಯವರ ಕೈಯಲ್ಲಿ ಅವಳು ಏಟು ತಿನ್ನುವುದನ್ನು ಅವನು ನೋಡಿದ್ದು ಅದೇ ಮೊದಲು. ನೋಡುತ್ತ ನಿಂತ.

ಅದು ತೊಂಬತ್ತೆಂಟರ ಕಾಫಿ ಕೊಯ್ಲು. ಬೆಳಗೋಡಿನ ಹತ್ತಿರದ ಎಸ್ಟೇಟಿನಲ್ಲಿ ಅವನು ಡ್ರೈವರು, ಅವಳು ಹಣ್ಣು ಕೊಯ್ಯುವವಳು. ಆಳುಗಳ ಮಕ್ಕಳನ್ನು ಹಗಲೆಲ್ಲ ಪಾರ್ವತಮ್ಮ ತನ್ನ ಮನೆಯಲ್ಲೇ ನೋಡಿಕೊಳ್ಳುತ್ತಿದ್ದಳು. ಗಂಗಾಮಣಿ ಬಸ್ಸಿನಲ್ಲಿ ಗಂಟೆಯ ದಾರಿಯ ಹೊಸಕೋಟೆಯ ತವರಿಗೆ ಹೋಗುವ ದಿನವೂ ಮಗು ಅಲ್ಲೇ ಇರಬೇಕು. ಅದು ಗುರುವಿನ ಕಟ್ಟಪ್ಪಣೆ. ಮಗು ಇಲ್ಲಿದ್ದರೆ ತಾಯಿ ಕತ್ತಲಾಗುವ ಮುಂಚೆಯೇ ಬಂದುಬಿಡುತ್ತಿದ್ದಳು.

ಪಾರ್ವತಮ್ಮ ಮಗುವಿನ ಬಟ್ಟೆಬರೆಯನ್ನೆಲ್ಲ ಗಂಟು ಕಟ್ಟಿ ಅಂಗಳಕ್ಕೆ ಎಸೆದಳು. “ತಗೊಂಡ್ ಹೋಗು. ಇನ್ನೊಂದ್ಸಲ ಈ ಬಾಗಿಲಿಗೆ ಬಂದ್ರೆ ಕಾಲು ಮುರೀತೀನಿ!” ಅವಳ ಕಣ್ಣು ಕೆಂಪಗಿತ್ತು. ಸಿಟ್ಟು ನೆತ್ತಿಗೇರಿದೆ ಅಂದುಕೊಂಡ ಗುರು.

“ಈಗ ಮಗೂನ ಎಲ್ಲಿ ಬುಡಾದು? ಕೊಯ್ಲು ಬೇರೆ ಐತೆ,” ಗಂಗಾಮಣಿ ಬಿಕ್ಕಿದಳು.

ಸಾಹುಕಾರರನ್ನು ಮಂಗಳೂರಿಗೆ ಕರೆದೊಯ್ಯಬೇಕಿತ್ತು. ಹೊತ್ತಾದ ಸಿಟ್ಟಿಗೆ ಗುರುವೂ ಅವಳ ಕೆನ್ನೆಗೆ ಬಾರಿಸಿದ. “ನಿಮ್ಮವ್ವನ ತಾವ ಬುಟ್ಬುಟ್ಟು ನಾಳೆ ಮೊದಲ್ನೇ ಬಸ್ಸಿಗೆ ಬಾ.” ಗಂಟನ್ನು ತಾನೇ ಬಸ್ಸಿಗೆ ಹಾಕಿದ.

ಮಾರನೆಯ ದಿನ ಯಾವ ಬಸ್ಸಿನಿಂದಲೂ ಅವಳು ಇಳಿಯಲಿಲ್ಲ. ಹೊಸಕೋಟೆಗೆ ಹೋದರೆ ಅತ್ತೆಯ ಮನೆಗೆ ಬೀಗ. ಗುರು ನೇರವಾಗಿ ಬಂದು ಪಾರ್ವತಮ್ಮನ ಬಾಗಿಲು ಒದ್ದ. ಜುಟ್ಟು ಹಿಡಿದು ಅವಳನ್ನು ಅಂಗಳಕ್ಕೆ ಎಳೆದ. ಮುಖವನ್ನು ಕಲ್ಲಿಗೆ ಜಜ್ಜಿದ.

“ಹೊಡೆದು ಓಡಿಸ್ಬುಟ್ಟಲ್ಲೇ ನನ್ ಹೆಂಡ್ತೀನ! ಎಲ್ಲವ್ಳೆ ಹೇಳು!”

ಕೂಗಿಗೆ ಆಳುಗಳ ಲೈನುಮನೆಗಳ ಹೆಂಗಸರು ಕತ್ತಿ ಹಿಡಿದೇ ಓಡಿ ಬಂದು ಸುತ್ತುಗಟ್ಟಿದರು. ಗುರುವಿನ ಕೈ ಸಡಿಲವಾಯಿತು. ಪಾರ್ವತಮ್ಮ ಎದ್ದು ಕೂತು ಬಾಯಿಯ ರಕ್ತ ಉಗುಳಿದಳು.

“‘ಜೋರಾಗೇ ಹೊಡಿ ಅಕ್ಕ, ಇಲ್ದಿದ್ರೆ ಮಗೂನ ನನ್ ಜೊತೆ ಕಳ್ಸಕಿಲ್ಲ ಅವ್ನು’ ಅಂತ ನನ್ ಕಾಲು ಹಿಡ್ಕಂಡಿದ್ದು ನಿನ್ ಹೆಂಡ್ತೀನೇ ಕಣೋ.”