ಶಿಲ್ಪಿಯ ಪ್ರತಿಮೆ

ಶಿಲ್ಪಿ ಗುರುಶಾಂತಪ್ಪ ನಲವತ್ತು ವರ್ಷ ಕಲ್ಲು ಕಡಿದ, ಒಂದಕ್ಕೂ ಮೂಗು ಬಾಯಿ ಇಡಲಿಲ್ಲ. ತೂತು ಕೊರೆದು ‘ತಾಯಿ’ ಎಂದ, ಉಂಡೆ ಮಾಡಿ ‘ಹಸಿವು’ ಎಂದ. ದಿಲ್ಲಿಯವರು ಪ್ರಶಸ್ತಿ ಕೊಟ್ಟರು. ಆ ಹೆಮ್ಮೆಗೆ ಹುಟ್ಟೂರಿನ ಪುರಸಭೆ ಉದ್ಯಾನದಲ್ಲಿ ಅವನದೇ ಪ್ರತಿಮೆ ನಿಲ್ಲಿಸಲು ಹೊರಟಿತು. ಕೆಲಸ ಒಪ್ಪಿಸಿದ್ದು ಮಾತ್ರ ಸಿಮೆಂಟಿನಲ್ಲಿ ಗಣಪತಿ ಮಾಡುವ ಮೌನೇಶನಿಗೆ. ಕೇಳಿದ್ದೇ ಗುರುಶಾಂತಪ್ಪ ಮೈಯೆಲ್ಲ ಉರಿದು, ಸುತ್ತಿಗೆ ಹಿಡಿದು ಮೌನೇಶನ ಶೆಡ್ಡಿಗೆ ನುಗ್ಗಿದ. ಅಲ್ಲಿ ಪ್ರತಿಮೆ ಆಗಲೇ ಮುಗಿಯುತ್ತ ಬಂದಿತ್ತು.

“ಏನಲೇ ಇದು? ನಾ ಸತ್ತ ಮ್ಯಾಲೂ ಈ ಗೊಂಬಿ ನೋಡಿ ಮಂದಿ ನಗಬೇಕೇನು?”

“ನೀವು ಇದ್ದಂಗ ಮಾಡೀನ್ರಿ, ಯಜಮಾನ್ರ.”

“ಇದ್ದಂಗ ತೋರಸಾಕ ಫೋಟೋದಾಂವ ಅದಾನ. ಕಲಾ ಅಂದ್ರ ಒಳಗಿಂದು ತೋರಸೋದು!”

“ನಿಮ್ಮ ಒಳಗಿಂದು ನಮಗೇನು ಗೊತ್ರಿ? ನೀವು ಮಾಡಿದ್ದು ನಿಲ್ಲಿಸಿದ್ರ ಮಂದಿ ಅದಕ್ಕ ಎಮ್ಮಿ ಕಟ್ಟತಾರ. ಒಡಿಯೋದಾದ್ರ ಒಡೀರಿ, ಮೊದಲ ಒಂದಸಲ ನೋಡ್ರಿ.”

ಎತ್ತಿದ ಸುತ್ತಿಗೆ ಹಿಡಿದೇ ಗುರುಶಾಂತಪ್ಪ ಪ್ರತಿಮೆಯನ್ನು ಒಂದು ಸುತ್ತು ಬಂದ. ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡ. ಆಮೇಲೆ ಮೌನೇಶನ ಕಿವಿಗೆ ಬಾಯಿ ಹಚ್ಚಿದ.

“ಆ ಹೊಟ್ಟಿ ಒಂದೀಟು ಕರಗಸು, ತಲಿ ತುಂಬ ಕೂದಲಾ ಹಾಕು.”