ಖಾಲಿ ಬಿಟ್ಟ ಹೆಸರು

ಬರೆದದ್ದಿತ್ತು, ಕಳಿಸಿದ್ದಿರಲಿಲ್ಲ. ಆದರೂ ಮುಟ್ಟಿತ್ತು!

ಬೈಲಹೊಂಗಲದ ಮುಖ್ಯ ಕಚೇರಿಯಲ್ಲಿ ಯುವರಾಜ ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಸವದತ್ತಿ ಶಾಖೆಯ ಗುಮಾಸ್ತೆ ಮೀನಾ ಶನಿವಾರ ಟೈಪ್ ಮಾಡಿದ ಬೀಜದ ಬೇಡಿಕೆ ಕಂಪ್ಯೂಟರಿನಲ್ಲಿ ಹಾಗೇ ಕೂತಿತ್ತು. ‘ಯಾರಿಗೆ’ ಎಂಬ ಜಾಗ ಖಾಲಿ. ಆದರೆ ಸೋಮವಾರ ಬೆಳಿಗ್ಗೆ ರಾಮದುರ್ಗದ ಗೋದಾಮಿನಿಂದ ಅಷ್ಟೇ ಚೀಲ, ಅದೇ ತಳಿ, ಲಾರಿ ಏರಿ ಸವದತ್ತಿಗೆ ಬಂದಿದ್ದವು. ನಡುವೆ ಇದ್ದದ್ದು ರಜೆಯ ಭಾನುವಾರ ಒಂದೇ. ನಾಲ್ಕು ವಾರದಿಂದ ಇದೇ ಕಥೆ.

ಬೀಜದ ಕಂಪನಿಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಚೇರಿಗಳನ್ನು ಒಂದಕ್ಕೊಂದು ಜೋಡಿಸಿದ ಈ ವ್ಯವಸ್ಥೆ ಯುವರಾಜನ ಕೂಸು. ೨೦೦೪ರಲ್ಲಿ ಆ ಸೀಮೆಗೆ ಅದೊಂದು ಸೋಜಿಗ. ಕಾಗದದ ಕಾಲದಲ್ಲಿ ಲಕೋಟೆಯ ಮೇಲೆ ಊರ ಹೆಸರು ಬರೆದರೆ ಸಾಕಿತ್ತು. ಯುವರಾಜ ಅದನ್ನು ಸುಧಾರಿಸಿದ್ದ. ಯಾರಿಗೆ ಕಳಿಸುತ್ತೀರೋ ಆ ಮನುಷ್ಯನ ಹೆಸರನ್ನೇ ಟೈಪ್ ಮಾಡಬೇಕು; ಆಗಲೇ ಜವಾಬ್ದಾರಿ ಬರುತ್ತದೆ ಎಂದು ಅವನ ವಾದ. ಪರದೆ ತೆರೆದೊಡನೆ ಮ್ಯಾನೇಜರ್ ನಿಜಗುಣಪ್ಪನವರ ಕಟ್ಟಪ್ಪಣೆಗಳು ಕಾಣುತ್ತಿದ್ದವು: ತಂಬಾಕು ತಿನ್ನಬಾರದು, ತಡವಾಗಿ ಬರಬಾರದು, ಒಂದೇ ಮನೆಯ ಇಬ್ಬರು ಕಂಪನಿಯಲ್ಲಿ ಇರಬಾರದು, ಗುಟ್ಟು ಹೊರಗೆ ಬಿಡಬಾರದು.

ಈಗ ಗುಟ್ಟೇ ಸೋರುತ್ತಿತ್ತು.

“ಯಾರೋ ಕಳ್ಳ ನಿಮ್ಮ ಡಬ್ಬಿಯೊಳಗ ಹೊಕ್ಕಾನ,” ಎಂದರು ನಿಜಗುಣಪ್ಪ. “ನಾಳಿ ಸಂಜಿಯೊಳಗ ಹಿಡೀರಿ. ಇಲ್ಲಾಂದ್ರ ಆ ಡಬ್ಬೀನೂ ಬ್ಯಾಡ, ನೀವೂ ಬ್ಯಾಡ.”

ಯುವರಾಜ ಸೇರಿ ಮೂರು ತಿಂಗಳಾಗಿಲ್ಲ, ಮೊದಲ ನೌಕರಿ. ಓಡಿಹೋಗಿ ರಾಮದುರ್ಗಕ್ಕೆ ಫೋನ್ ಹಚ್ಚಿದ. ಗೋದಾಮು ನೋಡಿಕೊಳ್ಳುವ ಮಡಿವಾಳೆಪ್ಪ ಎತ್ತಿಕೊಂಡ.

“ಸಂದೇಶನ ಬಂದಿಲ್ಲ, ಮಾಲು ಹೆಂಗ ಕಳಿಸಿದ್ರಿ?”

“ಮಾಲು ಸರಿಯಾಗಿ ಮುಟ್ಟೇತಿಲ್ರಿ?”

“ಮುಟ್ಟೇತಿ.”

“ಮತ್ತೇನ್ರಿ!”

ಫೋನ್ ಇಟ್ಟೇಬಿಟ್ಟ. ಕಳ್ಳನ ಧಿಮಾಕು ನೋಡು ಎಂದು ಯುವರಾಜ ಹಲ್ಲು ಕಡಿದ.

ಮರುದಿನ ಮೊದಲ ಬಸ್ಸಿಗೇ ಸವದತ್ತಿಗೆ ಹೊರಟ. ದಾರಿಯುದ್ದಕ್ಕೂ ಕೂತಲ್ಲಿ ಕೂರಲಾಗಲಿಲ್ಲ. ಗಡಿಯಾರ ನೋಡಿದ್ದೇ ನೋಡಿದ್ದು. ಶಾಖೆಯಲ್ಲಿ ಮೀನಾ ಒಬ್ಬಳೇ ಇದ್ದಳು.

“ಕಿತ್ತೂರಿಗೆ ಒಂದು ಸಂದೇಶ ಕಳಿಸ್ರಿ, ನೋಡೋಣು.”

ಅಲ್ಲಿಯ ಗುಮಾಸ್ತನ ಹೆಸರು ‘ಸಂಜು’ ಎಂದು ಟೈಪ್ ಮಾಡಿದಳು. ಪಟ್ಟನೆ ಹೋಯಿತು.

“ಈಗ ರಾಮದುರ್ಗಕ್ಕ.”

ಬೆರಳುಗಳು ನಿಂತವು. “ಅದನ್ನ ನೀವ ಹೊಡೀರಿ, ಅಣ್ಣಾರ.”

“ಯಾಕ? ಅವರ ಕೂಡ ಜಗಳೇನು?”

“ಇಲ್ರಿ. ಅವರು ಭಾಳ ಛಲೋ ಮನಶ್ಯಾರು.”

“ನಿಮ್ಮ ಪಾಸ್‌ವರ್ಡ್ ಅವರಿಗೆ ಕೊಟ್ಟೀರೇನು?”

“ದೇವರಾಣಿಗೂ ಇಲ್ರಿ.”

“ಹಂಗಾರ ಹೆಸರು ಹೊಡೀರಿ! ಇಲ್ಲಾಂದ್ರ ಕಳ್ಳರು ನೀವ ಅಂತ ಬರೀತೇನಿ. ನಿಮ್ಮ ಕೆಲಸಾನೂ ಹೋಗತೈತಿ, ಅವರದೂ ಹೋಗತೈತಿ.”

ಮೀನಾಳ ಕಣ್ಣು ತುಂಬಿದವು. ಬಾಗಿಲ ಕಡೆ ಒಮ್ಮೆ ನೋಡಿದಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು. ಆಮೇಲೆ ಟೈಪ್ ಮಾಡತೊಡಗಿದಳು. ಒಂದು ಹೆಸರಿಗೆ ಬೇಕಾದದ್ದಕ್ಕಿಂತ ಬಹಳ ಹೊತ್ತು ಹಿಡಿಯಿತು. ಕಂಪ್ಯೂಟರ್ ಕಿರ್ರೆಂದಿತು: ‘ಇಂಥ ಹೆಸರಿನವರು ಕಂಪನಿಯಲ್ಲಿ ಇಲ್ಲ.’

ಯುವರಾಜ ಬಗ್ಗಿ ಓದಿದ. ಮತ್ತೊಮ್ಮೆ ಓದಿದ. ಕುರ್ಚಿ ಎಳೆದುಕೊಂಡು ಕೂತುಬಿಟ್ಟ. ತನ್ನ ಜಾಣತನದ ಬಗ್ಗೆ ಅವನಿಗೇ ನಾಚಿಕೆಯಾಯಿತು. ಅವಳು ಬರೆದದ್ದನ್ನು ತಾನೇ ಅಳಿಸಿ, ಬೈಲಹೊಂಗಲಕ್ಕೆ ಬರೆದ: ‘ಕಳ್ಳರು ಯಾರೂ ಇಲ್ಲ. ತಪ್ಪು ನನ್ನ ವ್ಯವಸ್ಥೆಯದು. ಇಂದಿನಿಂದ ಮನುಷ್ಯರ ಹೆಸರು ಬೇಡ, ಮೊದಲಿನಂತೆ ಊರ ಹೆಸರು ಸಾಕು.’

ಅಳಿಸುವ ಮುಂಚೆ ಪರದೆಯ ಮೇಲೆ ಇದ್ದದ್ದು ಒಂದು ಒಡಪು: “ಎಲ್ಲವ್ವನ ಗುಡ್ಡದಾಗ ಭಂಡಾರದ ಬಣ್ಣ, ತಾಳಿ ಕಟ್ಟಿದ ಮಡಿವಾಳೆಪ್ಪನವರ ಹೆಸರ ಹೇಳೇನಿ, ಯಾರಿಗೂ ಹೇಳಬ್ಯಾಡೋ ಅಣ್ಣ.”